ಬೀಗ ಹಾಕಿದ ಗೂಡಿನ ಕರಿ ಮರಿ

ಬಿಳಿ ಕೋಳಿ ಸಾಕಿ ಹೆಸರು ಮಾಡಿದ ಮುದ್ದೇಗೌಡರ ಸೊಸೆ ಹೆತ್ತಳು. ಮನೆಯವರೆಲ್ಲ ಬೆಳ್ಳಗೆ, ಕೂಸು ಮಾತ್ರ ಕಪ್ಪು.

"ಇದು ನಮ್ಮ ರಕ್ತ ಅಲ್ಲ. ಇಬ್ಬರನ್ನೂ ಬಸ್ಸು ಹತ್ತಿಸಿ ಬಾ," ಎಂದು ಗೌಡರು ಫಾರಂ ಆಳಿಗೆ ಹೇಳಿದರು.

ಬಾಣಂತಿ ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದಳು. ಆಳು ಹೋಗಿ ಒಂದು ಕರಿ ಕೋಳಿಮರಿ ತಂದ.

"ಹೆಚ್ಚು ಮೊಟ್ಟೆಗೆ ಅಂತ ನೀವೇ ಆರಿಸಿದ ಬಿಳಿ ಜೋಡಿಗೆ ಹುಟ್ಟಿದ ಮರಿ ಇದು, ಗೌಡ್ರೇ."

"ಸುಳ್ಳು! ಯಾವುದೋ ಕರಿ ಹುಂಜ ನುಗ್ಗಿದೆ."

"ಆ ಗೂಡಿಗೆ ಬೀಗ ಇದೆ. ಮೊಟ್ಟೆ ತೆಗೆದು ಕಾವಿಗೆ ಕೊಟ್ಟವರು ನೀವೇ. ಬೀಗದ ಕೈ ನಿಮ್ಮ ಉಡಿದಾರದಲ್ಲೇ ಇದೆ."

ಗೌಡರ ಕೈ ತಾನಾಗೇ ಸೊಂಟ ಮುಟ್ಟಿತು.

"ಮತ್ತೆ ಈ ಕಪ್ಪು ಎಲ್ಲಿಂದ ಬಂತು?"

"ಹಿಂದಿನ ತಲೆಮಾರಿನದು. ರಕ್ತದಲ್ಲಿ ಅಡಗಿ ಕೂತಿರ್ತದೆ."

ಗೌಡರು ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಒಳಗೆ ಬಾರಮ್ಮ," ಎಂದರು.

ಸೊಸೆ ಕೂಸಿಗೆ ಸೆರಗು ಸುತ್ತಿ, ಆಳಿನತ್ತ ತಿರುಗಿದಳು.

"ನಡಿಯಣ್ಣ, ಬಸ್ಸು ಹೊರಟುಬಿಡ್ತದೆ."