ಬೆತ್ತ ಹಿಡಿದವನು ಬರುವವರೆಗೆ

ಶಿಷ್ಯನೊಬ್ಬ ಗುರುವನ್ನು ಕೇಳಿದ: “ಗುರುಗಳೇ, ಒಬ್ಬನಿಂದ ಒಂದು ತಪ್ಪಾಯಿತು. ಅದು ಯಾರಿಗೂ ಗೊತ್ತಿಲ್ಲ. ನೊಂದವರು ತೀರಿಹೋಗಿದ್ದಾರೆ. ಈಗ ಅದನ್ನು ಹೇಳಿಕೊಂಡು ಯಾರಿಗೆ ಏನಾಗಬೇಕು?”

ಗುರು ಹರಿವೆ ಸೊಪ್ಪು ಬಿಡಿಸುತ್ತ ಕೂತಿದ್ದರು. “ಒಬ್ಬನಿಂದ ಅಂದರೆ ಯಾರಿಂದ?” ಎಂದರು.

“ಯಾರೋ ಒಬ್ಬ. ಸುಮ್ಮನೆ ಕೇಳಿದೆ.”

“ಸುಮ್ಮನೆ ಕೇಳಿದವನಿಗೆ ಸುಮ್ಮನೆ ಒಂದು ಕತೆ ಹೇಳುತ್ತೇನೆ. ಆ ಕಡೆಯ ದಂಟು ಇತ್ತ ತಳ್ಳು” ಎಂದು ಗುರು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ತಳವಾರನಿದ್ದ. ಊರು ಕಾಯುವುದು, ಗೌಡನ ಮಾತನ್ನು ಹೇಳಬೇಕಾದಲ್ಲಿಗೆ ಮುಟ್ಟಿಸುವುದು ಅವನ ಕೆಲಸ. ಗೌಡನ ಬೆತ್ತ ಅವನ ಕೈಯಲ್ಲಿದ್ದರೆ ಅವನಾಡಿದ್ದು ಗೌಡನದೇ ಮಾತು. ಕೆಟ್ಟವನೇನಲ್ಲ. ಹೇಳಿದ ಕೆಲಸವನ್ನು ಮಾಡುತ್ತಿದ್ದ, ಸ್ವಲ್ಪ ನಿಧಾನವಾಗಿ ಮಾಡುತ್ತಿದ್ದ, ಅಷ್ಟೆ. ಅಂಥವರು ಎಲ್ಲ ಊರಿನಲ್ಲೂ ಇರುತ್ತಾರೆ, ಈ ಆಶ್ರಮದಲ್ಲೂ ಇದ್ದಾರೆ.

ಆ ಸೀಮೆಗೂ ಪಕ್ಕದ ಸೀಮೆಗೂ ಯುದ್ಧ ಬಿತ್ತು. ಗೌಡ ಊರಿನ ಏಳು ಮಂದಿ ಸೈನಿಕರನ್ನು ಗುಡ್ಡದ ಕಣಿವೆಗೆ ಕಾವಲು ಹಾಕಿದ. “ಈ ಬೆತ್ತ ಹಿಡಿದವನು ಬಂದು ಹೇಳುವವರೆಗೆ ಕದಲಬೇಡಿ” ಎಂದ. ಅವರು ದಿನಕ್ಕೊಂದರಂತೆ ಬುತ್ತಿ ಕಟ್ಟಿಕೊಂಡು ಹೋದರು.

ಮೂರನೆಯ ದಿನ ಗೌಡನ ಮನೆಯಲ್ಲಿ ಎರಡೂ ಕಡೆಯ ಹಿರಿಯರು ಕೂತು ರಾಜಿಯಾದರು. ವೀಳ್ಯ ಬದಲಾಯಿಸಿಕೊಂಡರು. ಗುಡ್ಡದ ಆಚೆಗಿದ್ದ ತಮ್ಮ ದಂಡಿಗೆ ಸುದ್ದಿ ಮುಟ್ಟಿಸಲು ಪಕ್ಕದ ಸೀಮೆಯವನೊಬ್ಬ ಸುತ್ತುದಾರಿ ಹಿಡಿದು ಓಡಿದ. ಈಚೆಯ ದಾರಿ ಹತ್ತಿರದ್ದು. ಗೌಡ ತಳವಾರನ ಕೈಗೆ ಬೆತ್ತ ಕೊಟ್ಟು, “ಹುಡುಗರನ್ನು ಕೆಳಗಿಳಿಸಿಕೊಂಡು ಬಾ” ಎಂದ.

ತಳವಾರ ಹೊರಟ. ಅಂಗಳ ದಾಟುವಾಗ ಗೌಡತಿ ಕರೆದಳು. “ಉಂಡು ಹೋಗಪ್ಪಾ. ಹಸಿದ ಹೊಟ್ಟೇಲಿ ಗುಡ್ಡ ಹತ್ತಬ್ಯಾಡ.” ಒಳಗೆ ಹೋಳಿಗೆಯ ವಾಸನೆ. ತಳವಾರ ಬೆತ್ತವನ್ನು ಗೋಡೆಗೆ ಒರಗಿಸಿ ಪಂಕ್ತಿಯಲ್ಲಿ ಕೂತ. ಒಂದು ಹೋಳಿಗೆ ಎಂದುಕೊಂಡವನು ನಾಲ್ಕು ಉಂಡ. ಜಗಲಿಗೆ ಬಂದು, ರಾಜಿಯಂತೂ ಆಯಿತಲ್ಲ, ಇನ್ನೇನು ಅವಸರ ಎಂದು ಬೆನ್ನು ಚಾಚಿದ. ಎಚ್ಚರವಾದಾಗ ನೆರಳು ಉದ್ದವಾಗಿತ್ತು.

ಅವನು ಕಣಿವೆ ಮುಟ್ಟಿದಾಗ ಏಳು ಮಂದಿಯೂ ಬಿದ್ದಿದ್ದರು. ಆಚೆಯವರ ದಂಡು ರಾಜಿಯ ಸುದ್ದಿ ತಿಳಿಯುವ ಮೊದಲೇ ಮೇಲೆ ಬಿದ್ದಿತ್ತು. ಒಬ್ಬನೂ ನಿಂತಲ್ಲಿಂದ ಹಿಂದೆ ಸರಿದಿರಲಿಲ್ಲ. ಬಂಡೆಯ ಮೇಲೆ ಅಂದಿನ ಏಳು ಬುತ್ತಿಗಂಟು ಬಿಚ್ಚದೆ ಇದ್ದವು.

“ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು” ಎಂದು ತಳವಾರ ಊರಿಗೆ ಬಂದು ಹೇಳಿದ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದೇ ಅವನಿಗೆ ಅನುಕೂಲವಾಯಿತು. ತಾನು ಕರೆದು ಉಣಿಸಿದ್ದು ಗೌಡತಿಗೆ ನೆನಪಿರಲಿಲ್ಲ. ಅಂದು ಅವಳು ನೂರು ಜನರನ್ನು ಕರೆದು ಉಣಿಸಿದ್ದಳು.

ಊರವರು ಗುಡ್ಡದ ಬುಡದಲ್ಲಿ ಏಳು ವೀರಗಲ್ಲು ನಿಲ್ಲಿಸಿದರು. ಒಂದೊಂದರಲ್ಲೂ ಕತ್ತಿ ಗುರಾಣಿ ಹಿಡಿದ ಸೈನಿಕ, ಮುಖ ಕಣಿವೆಯ ಕಡೆಗೆ. ಸೋಮವಾರಕ್ಕೊಮ್ಮೆ ಕಲ್ಲು ತೊಳೆದು, ಎಣ್ಣೆ ಹಚ್ಚಿ, ಮುಂದಿನ ಹಾಸುಗಲ್ಲಿನ ಮೇಲೆ ಹಣತೆ ಇಡುವ ಕೆಲಸವನ್ನು ಗೌಡ ತಳವಾರನಿಗೇ ವಹಿಸಿದ. ಕೊನೆಗೆ ಅವರನ್ನು ಕಂಡವನು ನೀನೇ ಅಲ್ಲವೇ ಎಂದ. ಬೆತ್ತವನ್ನೂ ಅವನಲ್ಲೇ ಬಿಟ್ಟ. ತಳವಾರ ಅದನ್ನು ಮಾಡಿನ ಸಂದಿಗೆ ಸಿಕ್ಕಿಸಿ ಮತ್ತೆ ಮುಟ್ಟಲಿಲ್ಲ.

ಎರಡು ವರ್ಷ ಕಳೆಯಿತು. ಹಾಸುಗಲ್ಲಿನ ಮೇಲೆ ಹಣತೆ ಇಟ್ಟಿಟ್ಟು ಎಣ್ಣೆಯ ಕಪ್ಪು ಕಲೆ ಕೂತಿತ್ತು. ಒಂದು ಸೋಮವಾರ ತಳವಾರ ಎಂದಿನಂತೆ ಆ ಕಲೆಯ ಮೇಲೆ ಹಣತೆ ಇಟ್ಟು ತಲೆ ಎತ್ತಿದ. ಹಣತೆ ಸೈನಿಕನ ಎದೆಗೆ ನೇರವಾಗಿರಲಿಲ್ಲ, ಎಡಗಡೆಯ ಭುಜಕ್ಕಿತ್ತು. ಪಕ್ಕದ ಕಲ್ಲು ನೋಡಿದ. ಅಲ್ಲೂ ಹಾಗೆಯೇ. ಏಳೂ ಕಲ್ಲು ಎರಡು ಬೆರಳಿನಷ್ಟು ತಿರುಗಿದ್ದವು.

ಮಣ್ಣು ಕುಸಿದಿರಬೇಕು ಎಂದುಕೊಂಡ. ಹಾರೆ ತಂದು ಬೆವರು ಸುರಿಸಿ ಒಂದೊಂದನ್ನೂ ಸರಿಮಾಡಿ, ಬುಡಕ್ಕೆ ಕಲ್ಲು ಬಿಗಿದ. ಮುಂದಿನ ಸೋಮವಾರ ಅವು ನಾಲ್ಕು ಬೆರಳು ತಿರುಗಿದ್ದವು. ಬಿಗಿದ ಕಲ್ಲುಗಳು ಮಾತ್ರ ಇಟ್ಟಲ್ಲೇ ಇದ್ದವು. ತಳವಾರ ಹಾರೆಯನ್ನು ಮನೆಗೆ ಒಯ್ದು ಮತ್ತೆ ತರಲಿಲ್ಲ.

ಐದನೆಯ ವರ್ಷಕ್ಕೆ ಅದು ಎಲ್ಲರ ಕಣ್ಣಿಗೂ ಬಿತ್ತು. ಊರಿಗೆ ಊರೇ ಹಿಗ್ಗಿತು. ವೀರರು ನಮ್ಮ ಕಡೆ ತಿರುಗಿ ಊರು ಕಾಯುತ್ತಿದ್ದಾರೆ ಎಂದು ಹಾರ ಹಾಕಿದರು, ಕಾಯಿ ಒಡೆದರು. ಗೌಡ ನೆಂಟರನ್ನು ಕರೆತಂದು ತೋರಿಸಿದ. ಆ ಕಲ್ಲಿನ ಕಣ್ಣುಗಳು ನೆಟ್ಟಿದ್ದು ಊರಿನ ಮೇಲಲ್ಲ ಎಂದು ತಳವಾರನೊಬ್ಬನಿಗೇ ತಿಳಿದಿತ್ತು. ಅವು ಗೌಡನ ಮನೆಯಿಂದ ಗುಡ್ಡಕ್ಕೆ ಬರುವ ಕಾಲುದಾರಿಯನ್ನು ನೋಡುತ್ತಿದ್ದವು. ಸುದ್ದಿ ತರುವವನು ಬರಬೇಕಾದ ದಾರಿ ಅದು. ಆ ದಾರಿಯಲ್ಲಿ ಕಾಲಿಟ್ಟಾಗಲೆಲ್ಲ ತಳವಾರ ತಲೆ ತಗ್ಗಿಸಿ ನಡೆಯುತ್ತಿದ್ದ. ಹೇಳಿಬಿಡಲೇ ಎಂದು ಎಷ್ಟೋ ಸಲ ಬಾಯಿ ತೆರೆದ. ಹೇಳಿದರೆ ಊರು ಉಗಿಯುತ್ತದೆ, ಮಗನಿಗೆ ಹೆಣ್ಣು ಸಿಗುವುದಿಲ್ಲ, ಸತ್ತವರೇನೂ ಎದ್ದುಬರುವುದಿಲ್ಲ ಎಂದು ಮುಚ್ಚಿಕೊಂಡ.

ಎಂಟನೆಯ ವರ್ಷ ಅವನ ಒಬ್ಬನೇ ಮಗನಿಗೆ ಮದುವೆ ಗೊತ್ತಾಯಿತು. ಲಗ್ನಕ್ಕೆ ಒಂಬತ್ತು ದಿನವಿರುವಾಗ ಮಗ ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ತಳವಾರ ಹುಡುಕುತ್ತ ಹೋದ. ಮಗ ಏಳನೆಯ ಕಲ್ಲಿನ ಪಕ್ಕದಲ್ಲಿ, ಎಂಟನೆಯವನಾಗಿ ನಿಂತಿದ್ದ. ಮಟಮಟ ಮಧ್ಯಾಹ್ನ. ಅವನು ರೆಪ್ಪೆ ಬಡಿಯುತ್ತಿರಲಿಲ್ಲ. ತಳವಾರ ತೋಳು ಹಿಡಿದೆಳೆದ. ಉರಿಬಿಸಿಲಿನಲ್ಲಿ ಆ ತೋಳು ಬಾವಿಯೊಳಗಿನ ಕಲ್ಲಿನ ಹಾಗೆ ತಣ್ಣಗಿತ್ತು. ಕೆಳಗೆ ನೋಡಿದ. ಮಗನ ಪಾದಗಳು ಕಾಲುಗಂಟಿನವರೆಗೆ ಮಣ್ಣಿನಲ್ಲಿ ಹೂತಿದ್ದವು. ಯಾರೂ ಅಗೆದ ಗುರುತಿರಲಿಲ್ಲ, ಸುತ್ತಲ ಹುಲ್ಲು ಕೂಡ ಕದಡಿರಲಿಲ್ಲ.

“ಮನೆಗೆ ಬಾರೋ ಮಗಾ.”

“ಬೆತ್ತ ಹಿಡಿದೋನು ಬಂದಿಲ್ಲಪ್ಪ” ಎಂದ ಮಗ. “ಬರೋತನಕ ಕದಲಂಗಿಲ್ಲ.”

ಬೆತ್ತದ ಮಾತನ್ನು ಮನೆಯಲ್ಲಿ ಯಾರೂ ಅವನ ಎದುರು ಆಡಿರಲಿಲ್ಲ.

ತಳವಾರ ಮನೆಗೆ ಓಡಿದ. ಮಾಡಿನ ಸಂದಿಯಿಂದ ಬೆತ್ತವನ್ನು ಎಳೆದ. ನೇರವಾಗಿ ಗುಡ್ಡದ ಕಡೆಗೆ ಹೊರಟವನು ನಿಂತ. ಸುದ್ದಿ ಹೊರಡಬೇಕಾದದ್ದು ಗೌಡನ ಅಂಗಳದಿಂದ. ಅಲ್ಲಿಗೆ ಹೋಗಿ, ಜಗಲಿಯ ಮೇಲೆ ಹತ್ತು ಜನ ಕೂತಿರುವಾಗ, ತಾನು ಮಲಗಿದ್ದ ಜಾಗವನ್ನು ಮುಟ್ಟಿ ಅಲ್ಲಿಂದ ತಿರುಗಿ ನಡೆದ. ಗೌಡತಿಗೆ ಈಗ ವಯಸ್ಸಾಗಿತ್ತು. “ಬಿಸಿಲೈತಿ, ಮಜ್ಜಿಗಿ ಕುಡಿದು ಹೋಗಪ್ಪಾ” ಎಂದಳು. ತಳವಾರ ನಿಲ್ಲಲಿಲ್ಲ. ಅವನ ಕೈಯಲ್ಲಿ ಆ ಹಳೆಯ ಬೆತ್ತವನ್ನು ಕಂಡು ಜನ ಒಬ್ಬೊಬ್ಬರಾಗಿ ಎದ್ದು ಹಿಂದೆ ಬಂದರು.

ಕಾಲುದಾರಿಯ ಉದ್ದಕ್ಕೂ ಏಳು ಮುಖಗಳು ಅವನನ್ನೇ ನೋಡುತ್ತಿದ್ದವು. ಎಂಟನೆಯದು ಮಗನ ಮುಖ, ಅದೂ ಆ ಏಳರ ಹಾಗೆಯೇ ಆಗಿತ್ತು. ತಳವಾರ ಎದುರು ನಿಂತು ಬೆತ್ತ ಎತ್ತಿ ಹಿಡಿದ.

“ರಾಜಿ ಆಗೈತಿ. ಗೌಡ್ರು ಕೆಳಗಿಳೀರಿ ಅಂದಾರ. ಅವರು ಅಂದಿದ್ದು ಎಂಟು ವರ್ಷದ ಹಿಂದ, ಮಧ್ಯಾಹ್ನದಾಗ. ಆಗಲೇ ಬಂದಿದ್ರ ನೀವು ಬದುಕ್ತಿದ್ರಿ. ನಾನು ನಾಕು ಹೋಳಿಗಿ ಉಂಡು ಮಲಗಿದ್ದೆ.”

ಗಾಳಿ ಇರಲಿಲ್ಲ. ಮೊದಲನೆಯ ಕಲ್ಲು ಮೆಲ್ಲನೆ ಹಿಂದಕ್ಕೆ ವಾಲಿತು. ಸದ್ದಿಲ್ಲದೆ ಹುಲ್ಲಿನ ಮೇಲೆ ಅಂಗಾತ ಮಲಗಿತು. ಆಮೇಲೆ ಎರಡನೆಯದು. ಕಾವಲು ಮುಗಿಸಿ ಬಂದವರು ಮಲಗುವ ಹಾಗೆ ಏಳೂ ಮಲಗಿದವು. ಮಗನ ಪಾದಗಳು ಮಣ್ಣಿನಿಂದ ಬಿಟ್ಟುಕೊಂಡವು. ಅವನು ಅಲ್ಲೇ ಕುಸಿದು ಕೂತು ನೀರು ಕೇಳಿದ.

ಜನ ಕಲ್ಲು ಬಿದ್ದದ್ದಕ್ಕೆ ಬೆದರಿದರು. ಕೇಳಿದ ಮಾತಿಗೆ ಕೆರಳಿದರು. ಕೆಲವರು ಕೈ ಎತ್ತಿ ಮುಂದೆ ಬಂದರು. ಅವರನ್ನು ಸರಿಸಿಕೊಂಡು ಮುದುಕಿಯೊಬ್ಬಳು ಬಂದಳು. ಸತ್ತ ಏಳು ಜನರಲ್ಲಿ ಎಲ್ಲರಿಗಿಂತ ಕಿರಿಯವನ ತಾಯಿ. ಅವಳು ತಳವಾರನ ಎದುರು ನಿಂತಳು.

“ನನ್ನ ಮಗ ಉಂಡಿದ್ನಾ?” ಎಂದಳು.

“ಇಲ್ಲವ್ವಾ” ಎಂದ ತಳವಾರ. “ಬುತ್ತಿ ಬಿಚ್ಚಿರಲಿಲ್ಲ.” ಎಂಟು ವರ್ಷದಲ್ಲಿ ಮೊದಲ ಬಾರಿಗೆ ಅವನು ಅತ್ತ.

ಅವಳು ಮನೆಗೆ ಹೋಗಿ ಒಂದು ರೊಟ್ಟಿ ತಂದು, ಮಲಗಿದ್ದ ಏಳನೆಯ ಕಲ್ಲಿನ, ತನ್ನ ಮಗನ ಕಲ್ಲಿನ, ಎದೆಯ ಮೇಲೆ ಇಟ್ಟಳು. ಗೌಡ ಆಳುಗಳನ್ನು ಕರೆಸಿ ಕಲ್ಲುಗಳನ್ನು ಮತ್ತೆ ನಿಲ್ಲಿಸಿದ. ಬೆಳಗಾಗುವಷ್ಟರಲ್ಲಿ ಅವು ಮಲಗಿದ್ದವು. ಮೂರು ಸಲ ನಿಲ್ಲಿಸಿ ಕೈಬಿಟ್ಟ. ಆ ಊರಿನ ವೀರಗಲ್ಲುಗಳು ಇಂದಿಗೂ ಮಲಗಿಯೇ ಇವೆ.

ಗುರು ಬಿಡಿಸಿದ ಸೊಪ್ಪನ್ನು ಮೊರಕ್ಕೆ ಹಾಕಿಕೊಂಡರು.

ಶಿಷ್ಯನ ಕೈಯಲ್ಲಿದ್ದ ದಂಟು ಹಾಗೆಯೇ ಇತ್ತು. ಅವನು, “ಊರವರು ತಳವಾರನನ್ನು ಏನು ಮಾಡಿದರು, ಗುರುಗಳೇ? ಓಡಿಸಿದರೋ, ಕ್ಷಮಿಸಿದರೋ?” ಎಂದು ಕೇಳಿದ.

ಗುರು ಮೊರ ಹಿಡಿದು ಎದ್ದವರು ಬಾಗಿಲಲ್ಲಿ ನಿಂತು ಹೇಳಿದರು: “ಅದು ಅವನ ಪಾಡು, ಬಿಡು, ನಿನ್ನ ಕಲ್ಲು ಈಗ ಎಷ್ಟು ಬೆರಳು ತಿರುಗಿದೆ?”