ನಾಲ್ಕು ಫ್ಯಾಕ್ಟರ್, ಒಂದು ಕರು

ಶಿತಿಕಂಠನಿಗೆ ಒಂದು ಕಡೆ ಕೂತು ಗೊತ್ತೇ ಇರಲಿಲ್ಲ. ಧ್ಯಾನಕ್ಕೆ ಕೂತರೂ ಅವನ ಮಂಡಿ ಕುಣಿಯುತ್ತಲೇ ಇರುತ್ತಿತ್ತು.

ಹೊಳೆದಂಡೆಯ ಆಶ್ರಮದಲ್ಲಿ ಚಿಕ್ಕಿ ಎಂಬ ತಬ್ಬಲಿ ಕರುವಿತ್ತು. ಅದನ್ನು ಗುರು ಚಿದ್ಘನರು ಇವನ ಕೈಗೆ ಒಪ್ಪಿಸಿದ್ದರು. ಚಿಕ್ಕಿ ಎಂದರೆ ಇವನಿಗೆ ಪ್ರಾಣ. ಅಂಥ ಕರು ಈಗ ಹಾಲು ಮುಟ್ಟದೆ ಸೊರಗುತ್ತಿತ್ತು.

ಕಾರಣ ತಿಳಿಯಲೆಂದು ಶಿತಿಕಂಠ ಆಚೆ ದಡದ ವಿಶ್ವವಿದ್ಯಾಲಯಕ್ಕೆ ಓಡಿದ. ಸಂಜೆ ದೋಣಿಯಿಂದ ಇಳಿದವನೇ, ಕಾಲು ತೊಳೆಯುವುದನ್ನೂ ಮರೆತು ಗುರುಗಳ ಮುಂದೆ ನಿಂತ.

"ಎಲ್ಲರೂ ಫ್ಯಾಕ್ಟರ್ ಅಂತಾರೆ ಗುರುಗಳೇ. ಆದರೆ ಒಬ್ಬರ ಫ್ಯಾಕ್ಟರ್ ಇನ್ನೊಬ್ಬರದಲ್ಲ!"

"ಕೂತು ಹೇಳು."

ಅವನು ಕೂರಲಿಲ್ಲ.

"ರಕ್ತ ಪರೀಕ್ಷೆಯವರಿಗೆ ಅದು ರಕ್ತದೊಳಗೇ ಇರೋ ವಸ್ತು, ರಕ್ತ ಹೆಪ್ಪುಗಟ್ಟಿಸೋದು. ರೋಗಗಳ ಅಂಕಿಅಂಶ ನೋಡೋರಿಗೆ ಅಪಾಯ ಹೆಚ್ಚಿಸೋದು. ತಬ್ಬಲಿತನವೇ ಫ್ಯಾಕ್ಟರ್ ಅಂದುಬಿಟ್ಟರು. ಮೇವಿನ ಪ್ರಯೋಗ ಮಾಡೋರು, ತಾವೇ ಬೇಕಂತ ಬದಲಾಯಿಸಿ ನೋಡೋದನ್ನ ಹಾಗೆ ಕರೀತಾರೆ. ಇನ್ನು ಗಣಿತದ ಮೇಷ್ಟ್ರು, ಹನ್ನೆರಡಕ್ಕೆ ಮೂರು ಒಂದು ಫ್ಯಾಕ್ಟರ್, ಶೇಷವಿಲ್ಲದೆ ಭಾಗವಾಗುತ್ತೆ ಅಂದರು."

"ಕರುವಿನ ವಿಷಯಕ್ಕೆ ಗಣಿತದವರ ಹತ್ತಿರ ಯಾಕೆ ಹೋದೆಯೋ?"

"ಬಾಗಿಲು ತೆರೆದಿತ್ತು."

ಗುರುಗಳು ನಕ್ಕರು. ಶಿತಿಕಂಠನ ಕಣ್ಣು ತುಂಬಿತು.

"ಇವರಲ್ಲಿ ಯಾರ ಮಾತು ನಿಜ? ಬೇಗ ಹೇಳಿ. ಚಿಕ್ಕಿ ಸತ್ತುಹೋಗುತ್ತೆ ಗುರುಗಳೇ."

"ಎಲ್ಲರದೂ ನಿಜವೇ. ಅವರವರ ಕೆಲಸಕ್ಕೆ ಅವರವರ ಮಾತು. ಬಾ."

ಕೊಟ್ಟಿಗೆಯಲ್ಲಿ ಚಿಕ್ಕಿ ಗೋಡೆಗೆ ಮುಖ ಮಾಡಿ ಮಲಗಿತ್ತು. ಬೆಳಗಿನ ಹಾಲು ಬಕೆಟ್ಟಿನಲ್ಲಿ ಹಾಗೇ ಕೆನೆಗಟ್ಟಿ ನಿಂತಿತ್ತು. ಗುರುಗಳು ಅದನ್ನು ಚೆಲ್ಲಿ, ಆಗಷ್ಟೇ ಕರೆದ ಹಾಲು ಸುರಿದರು.

"ಮೊದಲು ಹೇಗೆ ಕುಡಿಸ್ತಿದ್ದೆ?"

"ಹಾಲಲ್ಲಿ ಬೆರಳು ಅದ್ದಿ ಬಾಯಿಗೆ ಕೊಡ್ತಿದ್ದೆ. ಬೆರಳು ಚೀಪ್ತಾ ಚೀಪ್ತಾ ಬಕೆಟ್ಟಿಗೆ ಬಾಯಿ ಹಾಕ್ತಿತ್ತು."

"ಈಗ?"

"ಅದಕ್ಕೆ ತುಂಬ ಹೊತ್ತು ಹಿಡಿಯುತ್ತೆ. ಬಕೆಟ್ ಇಟ್ಟು ಹೊರಟುಬಿಡ್ತೀನಿ..." ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು.

ಗುರುಗಳು ಅವನ ಮಣಿಕಟ್ಟು ಹಿಡಿದು ಬೆರಳುಗಳನ್ನು ಹಾಲಿಗೆ ಅದ್ದಿದರು. ಕರುವಿನ ಬಾಯಿಗೆ ಒಯ್ದರು.

ಚಿಕ್ಕಿ ಮೂಸಿತು, ಮುಖ ತಿರುಗಿಸಿತು. ಶಿತಿಕಂಠ ಕೈ ಹಿಂದೆಗೆಯಲಿಲ್ಲ. ಮತ್ತೆ ಮೂಸಿತು. ಆಮೇಲೆ ಅದರ ಒರಟು ನಾಲಿಗೆ ಅವನ ಬೆರಳು ಸುತ್ತಿಕೊಂಡಿತು.

ಅವನು ಕೈಯನ್ನು ಮೆಲ್ಲಗೆ ಬಕೆಟ್ಟಿಗೆ ಇಳಿಸಿದ. ಚಿಕ್ಕಿ ಎದ್ದು ನಿಂತು, ಬೆರಳು ಬಿಡದೆಯೇ ಮೂತಿ ಮುಳುಗಿಸಿ ಕುಡಿಯತೊಡಗಿತು. ಶಿತಿಕಂಠನಿಗೆ ಅಳುವಷ್ಟು ಸಂತೋಷವಾಯಿತು.

ಮರುಕ್ಷಣವೇ ಅವನ ಮಂಡಿ ಕುಣಿಯಿತು.

"ಗುರುಗಳೇ, ಹಾಗಾದರೆ ಇದು ಆ ನಾಲ್ಕರಲ್ಲಿ ಯಾವ ಫ್ಯಾಕ್ಟರ್? ಕಡೇ ದೋಣಿ ಇನ್ನೂ ಹೊರಟಿಲ್ಲ. ಒಂದೇ ಓಟಕ್ಕೆ ಹೋಗಿ ಕೇಳಿಕೊಂಡು ಬಂದುಬಿಡಲೇ?"

ಗುರುಗಳು ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಹೋಗಿ ಬಾರಪ್ಪ. ಬೆರಳು ಮಾತ್ರ ಇಲ್ಲೇ ಬಿಟ್ಟು ಹೋಗು."