ಉಳಿಯ ಗಾಯ

ನಾಣ್ಯ ಸಂಗ್ರಹದ ಪೆಟ್ಟಿಗೆಯೊಂದರಲ್ಲಿ ರಾಜನೊಬ್ಬನ ಮುದ್ರೆಯಿದ್ದ ಹಳೆಯ ಬೆಳ್ಳಿ ರೂಪಾಯಿಯೊಂದಿತ್ತು. ಅದರ ಮೈತುಂಬ ಉಳಿಯ ಗಾಯ. ಒಂದು ದಿನ ಅದೇ ರಾಜನ ಮುದ್ರೆಯಿದ್ದ, ಒಂದು ಗೀರೂ ಇಲ್ಲದೆ ಫಳಫಳ ಹೊಳೆಯುವ ರೂಪಾಯಿ ಅದರ ಪಕ್ಕಕ್ಕೆ ಬಂದು ಕೂತಿತು.

"ಈ ಮುಖ ಹೊತ್ತುಕೊಂಡು ರಾಜರ ಸಾಲಿನಲ್ಲಿ ಕೂರಲು ನಾಚಿಕೆಯಾಗುವುದಿಲ್ಲವೇ? ಜಾಗ ಬಿಡು," ಎಂದಿತು ಹೊಳೆಯುವ ರೂಪಾಯಿ.

ಹಳೆಯದಕ್ಕೆ ಮೈಯೆಲ್ಲ ಉರಿಯಿತು. "ಬಿಡುವುದಿಲ್ಲ. ಒಂದೊಂದು ಗಾಯವೂ ನನ್ನನ್ನು ಅನುಮಾನಿಸಿದ ಒಬ್ಬೊಬ್ಬ ಚಿನಿವಾರನದು. ಒಳಗೆ ತಾಮ್ರವಿದೆಯೇನೋ ಎಂದು ಕೆತ್ತಿ ನೋಡಿದರು. ಬೆಳ್ಳಿ ಕಂಡ ಮೇಲೆ ಬಾಯಿ ಮುಚ್ಚಿಕೊಂಡು ಚಲಾವಣೆಗೆ ಬಿಟ್ಟರು. ನಿನ್ನನ್ನು ಯಾರೂ ಯಾಕೆ ಕೆತ್ತಲಿಲ್ಲ?"

"ನನ್ನನ್ನು ನೋಡಿದರೆ ಸಾಕು, ನಂಬುತ್ತಾರೆ."

ಹಳೆಯದು ಮೇಜಿನ ಮೇಲಿದ್ದ ಉಳಿಯನ್ನು ಕರೆಯಿತು. "ಉಳಿಯಣ್ಣ, ಇಲ್ಲಿ ಬಾ. ಮೊದಲು ನನಗೇ ಇನ್ನೊಂದು ಏಟು ಹಾಕು, ಆಮೇಲೆ ಇವನಿಗೆ."

ಉಳಿ ಹಾಕಿತು. ಹೊಸ ಗಾಯದೊಳಗೂ ಬೆಳ್ಳಿಯೇ ಬೆಳ್ಳಗೆ ಮಿನುಗಿತು. ಉಳಿ ಇತ್ತ ತಿರುಗುವಷ್ಟರಲ್ಲಿ ಹೊಳೆಯುವ ರೂಪಾಯಿ ಪೆಟ್ಟಿಗೆಯಿಂದ ಹಾರಿ, ಉರುಳುತ್ತ ಹೋಗಿ ಬೀರುವಿನ ಅಡಿ ಸೇರಿತ್ತು.

ಅದರ ಮುಖದ ಮೇಲೆ ಇವತ್ತಿಗೂ ಒಂದು ಗೀರಿಲ್ಲ.